ಶಿಂಷಾ ಏರಿನಲ್ಲಿ ಭಾವ ಇಳಿದದ್ದು

ಮಂಡ್ಯದಿಂದ ಲಾರಿ ಹೊರಟಾಗ ಬೆಳಗಿನ ಏಳು ಗಂಟೆ. ಹಿಂದಿನ ದಿನ ಕಬ್ಬು ಹೇರಿದ್ದ ಲಾರಿ. ಕೂತ ಕಡೆಯೆಲ್ಲ ಸೋಗೆ ಚುಚ್ಚುತ್ತಿತ್ತು. ಸೈಕಲ್ ರೇಸಿನವರ ಹಿಂದೆ ಟ್ಯೂಬು, ಪಂಪು, ನೀರಿನ ಕೊಡ ಹೊತ್ತು ಹೋಗುವ ಈ ಲಾರಿಗೆ ತಲೆಗೆ ಎರಡು ರೂಪಾಯಿ. ಬಸ್ಸಿನಲ್ಲಾದರೆ ಇದಕ್ಕಿಂತ ಸುಖವಾಗಿ ಹೋಗಬಹುದಿತ್ತು. ಆದರೆ ಬಸ್ಸು ನಮ್ಮ ಭಾವನ ಹಿಂದೆ ಬರುವುದಿಲ್ಲವಲ್ಲ!

ಭಾವ ಕೆಂಪಣ್ಣ ನನ್ನ ಅಕ್ಕ ಜಯಮ್ಮನ ಗಂಡ. ದಿನಾ ಮುಂಜಾನೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ಮಂಡ್ಯದ ಹೋಟೆಲುಗಳಿಗೆ ಸೈಕಲ್ ತುಳಿದು ಗಟ್ಟಿಯಾದ ಕಾಲು ಅವನದು. ಈ ರೇಸಿನಲ್ಲಿ ಮೊದಲು ಬಂದವನನ್ನು ರಾಜ್ಯದ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದರು. ಬರುವ ವರ್ಷ ಭಾವನಿಗೆ ವಯಸ್ಸು ಮೀರುತ್ತಿತ್ತು. ಇದೇ ಕೊನೆಯ ಸಲ.

ಮದ್ದೂರಿನವರೆಗೆ ಹನ್ನೆರಡು ಮೈಲಿ ಎಲ್ಲರೂ ಒಂದೇ ಗುಂಪಾಗಿ ಹೋದರು. ನಾವು ಗಾಡಿ ನಿಲ್ಲಿಸಿ ಕಾಫಿ ಕುಡಿದೆವು, ಚಿಕೋರಿಯೇ ಜಾಸ್ತಿ. ಅಲ್ಲಿಂದ ಮಳವಳ್ಳಿ ದಾರಿ ಹಿಡಿಯುವಾಗ ಬಿಸಿಲು ಏರಿತು. ಇದು ಬೆಟ್ಟದ ರೇಸೆಂದು ಮೈಕಿನಲ್ಲಿ ಕೂಗಿದ್ದರು. ಬೆಟ್ಟವೇನಲ್ಲ ಬಿಡಿ. ಮಳವಳ್ಳಿ ದಾಟಿ ಶಿಂಷಾಕ್ಕೆ ಇಳಿದು, ಬಾವುಟ ಸುತ್ತಿ, ಮತ್ತೆ ಮಳವಳ್ಳಿಗೆ ಹತ್ತಿ ಬರಬೇಕು. ಆದರೆ ಆ ಏರಿನಲ್ಲಿ ಎತ್ತಿನ ಗಾಡಿ ಹೊಡೆಯುವವರೂ ಇಳಿದು ಗಾಲಿಗೆ ಕೈ ಕೊಡುತ್ತಾರೆ. ಏರು ಮುಗಿಯುವಲ್ಲೇ ನಮ್ಮೂರು.

ನಮ್ಮೂರಿಗೆ ಭಾವ ಕಾಲಿಟ್ಟು ಮೂರು ವರ್ಷವಾಗಿತ್ತು. ಗೌರಿ ಹಬ್ಬದ ಊಟದಲ್ಲಿ ಅಪ್ಪ ಹತ್ತು ಜನರ ಎದುರು, "ಸೈಕಲ್ ತುಳಿಯೋದೂ ಒಂದು ಗೇಮೆ ಏನ್ಲಾ?" ಎಂದುಬಿಟ್ಟಿದ್ದ. ಭಾವ ಬಡಿಸಿದ ಎಲೆ ಬಿಟ್ಟು ಎದ್ದಿದ್ದ. ಆಮೇಲೆ ಅಕ್ಕನೂ ತವರಿಗೆ ಬರಲಿಲ್ಲ. ನಾನು ದೊಡ್ಡ ಬುದ್ಧಿವಂತನ ಹಾಗೆ ಮಂಡ್ಯದಿಂದ ಅಪ್ಪನಿಗೆ ಒಂದು ಕಾರ್ಡು ಬರೆದಿದ್ದೆ: "ಹತ್ತು ಗಂಟೆ ಸುಮಾರಿಗೆ ನಿಮ್ಮ ಅಳಿಯ ರಸ್ತೆಯಲ್ಲಿ ಹಾಯುತ್ತಾನೆ, ನಿಂತು ನೋಡಿ." ಅವನ ದುಡಿಮೆ ಎಂಥದ್ದೆಂದು ಅಪ್ಪ ಕಣ್ಣಾರೆ ಕಾಣಲಿ ಎಂಬುದಷ್ಟೇ ನನ್ನ ಆಸೆ. ಭಾವನಿಗೆ ಈ ವಿಷಯ ಹೇಳಿರಲಿಲ್ಲ.

ಶಿಂಷಾಕ್ಕೆ ಇಳಿಯುವಾಗ ಎಲ್ಲರೂ ಗುಂಪಾಗಿ ನಮ್ಮೂರು ದಾಟಿದ್ದರು, ಆಗಿನ್ನೂ ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಾವುಟ ಸುತ್ತಿ ಏರು ಹಿಡಿದಾಗ ಭಾವ ಎಲ್ಲರಿಗಿಂತ ಒಂದು ಫರ್ಲಾಂಗು ಮುಂದಿದ್ದ. ಸೀಟಿನಿಂದೆದ್ದು ತುಳಿಯುತ್ತಿದ್ದ, ಅಂಗಿ ಬೆನ್ನಿಗೆ ಅಂಟಿತ್ತು. ಲಾರಿ ಡ್ರೈವರು, "ನಿಮ್ ಭಾವ ಹೊಡ್ದ ಕಣಯ್ಯಾ!" ಎಂದು ಹಾರನ್ ಬಾರಿಸಿದ. ನಾನು ಎದ್ದು ನಿಂತು ಪಂಪು ಎತ್ತಿ ಬೀಸಿದೆ.

ಏರಿನ ತಲೆಯಲ್ಲಿ ತಮಟೆ ಕೇಳಿಸಿತು. ನೋಡುತ್ತೇನೆ, ಅರ್ಧ ಊರೇ ರಸ್ತೆಯ ಮೇಲಿದೆ! ಅವ್ವನ ಕೈಯಲ್ಲಿ ಆರತಿ ತಟ್ಟೆ. ಎಲ್ಲರಿಗಿಂತ ಮುಂದೆ ಅಪ್ಪ, ಕೈಯಲ್ಲಿ ನೀರಿನ ಚೊಂಬು. ಮನೆಗೆ ಬಂದ ಅಳಿಯನ ಕಾಲಿಗೆ ನೀರು ಕೊಡದೆ ಕಳಿಸುವುದುಂಟೇ? ಬಂದವನು ರೇಸಿನಲ್ಲಿದ್ದಾನೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

"ನಿಲ್ಬ್ಯಾಡ ಭಾವ! ಓಗು, ಓಗು!" ಎಂದು ಲಾರಿಯಿಂದ ಕಿರುಚಿದೆ.

ಅಪ್ಪ ಎರಡು ಹೆಜ್ಜೆ ಮುಂದೆ ಬಂದು, "ಇಳಿಯಪ್ಪಾ. ಕಾಲಿಗೆ ನೀರು ತಕ್ಕೋ," ಎಂದ.

ಭಾವ ಹಿಂದಕ್ಕೆ ತಿರುಗಿ ನೋಡಿದ. ಬರುತ್ತಿದ್ದವರ ತಲೆ ಕಾಣಿಸುತ್ತಿತ್ತು. ಒಂದು ಗಳಿಗೆ ಕಾಲು ಪೆಡಲಿನ ಮೇಲೇ ಇತ್ತು. ಆಮೇಲೆ ಇಳಿದ. ಅಪ್ಪ ಚೊಂಬನ್ನು ಅವನ ಕೈಗೆ ಕೊಡಲಿಲ್ಲ, ತಾನೇ ಬಗ್ಗಿ ಅವನ ಕಾಲಿಗೆ ನೀರು ಹುಯ್ದ. ಅವ್ವ ಆರತಿ ಎತ್ತಿ, ಬೆಲ್ಲದ ಪಾನಕ ಕುಡಿಸಿದಳು. ಅಷ್ಟರಲ್ಲಿ ಇಬ್ಬರು ಪಕ್ಕದಲ್ಲೇ ಸುಯ್ಯೆಂದು ಹಾಯ್ದುಹೋದರು.

ಮಳವಳ್ಳಿಯಲ್ಲಿ ಭಾವ ಮೂರನೆಯವನಾಗಿ ಬಂದ. ಸೈಕಲನ್ನು ಗೋಡೆಗೆ ಒರಗಿಸಿ, ನಲ್ಲಿಯ ಕೆಳಗೆ ತಲೆಯೊಡ್ಡಿ ಕೂತ. ಅಳುತ್ತಿದ್ದಾನೆಂದು ಹತ್ತಿರ ಹೋದಮೇಲೆ ತಿಳಿಯಿತು. ನಾನು ಕಾರ್ಡಿನ ವಿಷಯ ಒಪ್ಪಿಕೊಂಡೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

"ನಿನ್ ಕಾರ್ಡಿಗಿಷ್ಟು ಬೆಂಕಿ ಹಾಕ," ಎಂದು ಮುಖ ಒರೆಸಿಕೊಂಡ. "ಹಿಂದ್ಗಡೆ ನೋಡ್ದೆ ಕಣ್ಲಾ. ತುಳುದ್ರೆ ಗೆಲ್ತಿದ್ದೆ. ಮುಂದ್ಗಡೆ ನೋಡುದ್ರೆ ನಿಮ್ಮಪ್ಪ ಹಿಡ್ದಿದ್ ಚೊಂಬಿನ ನೀರೆಲ್ಲ ಚೆಲ್ತಿತ್ತು. ಹೆಂಗ್ಲಾ ತುಳೀಲಿ?"

ಮಂಡ್ಯದ ಬಸ್ಸು ಹೊರಡುವುದರಲ್ಲಿತ್ತು. ಸೈಕಲನ್ನು ಬಸ್ಸಿನ ಮೇಲೆ ಹಾಕಿಸಲು ನಾನು ಹಿಡಿದರೆ ಭಾವ ಬಿಡಲಿಲ್ಲ.

"ನೀನ್ ಓಗಿ ನಿಮ್ಮಕ್ಕನ್ನ ಕರ್ಕಂಡು ಬಾ. ಬಾಡೂಟಕ್ಕೆ ಬತ್ತೀನಿ ಅಂತ ಮಾವಂಗೆ ಮಾತು ಕೊಟ್ಟಿವ್ನಿ. ಈ ಸಲ ಎಲೆ ಬುಟ್ಟು ಏಳಾಕಿಲ್ಲ ಅಂತ ಹೇಳು."

ಬಸ್ಸಿನ ಹಿಂದಿನ ಕಿಟಕಿಯಿಂದ ನೋಡಿದೆ. ಭಾವ ನಮ್ಮೂರ ದಾರಿಯಲ್ಲಿ, ಯಾವ ಆತುರವೂ ಇಲ್ಲದೆ, ಸೀಟಿನ ಮೇಲೆ ಕೂತೇ ತುಳಿಯುತ್ತಿದ್ದ. ರೇಸಿನ ನಂಬರಿನ ಬಟ್ಟೆಯನ್ನು ಇನ್ನೂ ಬೆನ್ನಿನಿಂದ ಬಿಚ್ಚಿರಲಿಲ್ಲ.