ತಾಟಿನಲ್ಲಿದ್ದ ಮೂರು ಪಡ್ಡು

ಪಡ್ಡು ಎಂದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು, ಆಮೇಲೆ ಹಸಿವು. ಲಿಂಗಸುಗೂರಿನ ನನ್ನ ಮನೆಯಲ್ಲಿ ರವಿವಾರ ಬಂತೆಂದರೆ ಮೊಮ್ಮಕ್ಕಳು ಪಡ್ಡಿನ ಹಂಚು ಇಳಿಸಿಕೊಂಡು ಕುಣಿಯುತ್ತಾರೆ. ನಾನು ಗುಳಿಗಳಿಗೆ ಹಿಟ್ಟು ಬಿಡುತ್ತೇನೆ, ತಿರುವಿ ಹಾಕುತ್ತೇನೆ, ಬಡಿಸುತ್ತೇನೆ. "ಅಜ್ಜಿ, ಮಾರಿ ಯಾಕ ಗಂಟ ಹಾಕ್ಕೊಂಡೀ?" ಎಂದು ಕೇಳುತ್ತಾರೆ. ಝಳ ಎನ್ನುತ್ತೇನೆ. ಝಳವೂ ಅಲ್ಲ, ಗಿಳವೂ ಅಲ್ಲ.

ನಮ್ಮೂರು ಬಳಗಾನೂರಿನ ಹತ್ತಿರ. ಕಾಲುವೆಗೆ ನೀರು ಬಂದು ಆಗಿನ್ನೂ ಮೂರು ನಾಲ್ಕು ವರ್ಷವಾಗಿತ್ತೇನೋ. ಜೋಳ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು. ಆಂಧ್ರದಿಂದ ಬಂದವರು ಹೊಲ ಹಿಡಿದು ಅಲ್ಲಲ್ಲಿ ಮನೆ ಹಾಕಿಕೊಂಡರು. ಅವರು ಇರುವ ಜಾಗಕ್ಕೆ ನಾವು ಕ್ಯಾಂಪು ಎನ್ನುತ್ತಿದ್ದೆವು. ಸಿಂಧನೂರಿನ ಬಸ್ಸು ನಿಲ್ಲುವಲ್ಲಿ ತಟ್ಟಿ ಕಟ್ಟಿ ಒಂದು ಹೋಟೆಲು ಎದ್ದಿತು. ಅಲ್ಲಿ ಮುಂಜಾನೆ ಪಡ್ಡು, ಶೇಂಗಾ ಚಟ್ನಿ, ಚಹಾ. ಊರಿನ ಗಂಡಸರಿಗೆಲ್ಲ ಒಮ್ಮೆಲೇ ಕಾಲುವೆಯ ಮೇಲೆ ಬಹಳ ಕಾಳಜಿ ಹುಟ್ಟಿದ್ದು ಆಗಲೇ.

"ನೀರು ನೋಡಿ ಬರ್ತೀನಿ," ಎಂದು ಅಪ್ಪ ದಿನಾ ಬೆಳಗಾಗುವುದರೊಳಗೆ ಹೊರಡುತ್ತಿದ್ದ. ನೀರು ಎಷ್ಟು ನೋಡುತ್ತಿದ್ದನೋ ದೇವರಿಗೇ ಗೊತ್ತು. ಬಿಸಿಲೇರಿದ ಮೇಲೆ ಮೀಸೆಗೆ ಎಣ್ಣೆ ಹತ್ತಿಸಿಕೊಂಡು ಬಂದು, ಅವ್ವ ಮುಂದಿಟ್ಟ ರೊಟ್ಟಿಯನ್ನು ಅತ್ತ ಸರಿಸಿ, "ಹಸಿವಿಲ್ಲ," ಎನ್ನುತ್ತಿದ್ದ. ಆ ರೊಟ್ಟಿಯನ್ನು ನಾವು ತಿನ್ನುತ್ತಿದ್ದೆವು. ನಾವು ಎಂದರೆ ಅವ್ವ, ಅಜ್ಜಿ, ನಾನು. ಕಡಕ್ ರೊಟ್ಟಿ, ನಿನ್ನೆಯ ಪುಂಡಿಪಲ್ಲೆ. ನನಗೇನೂ ರೊಟ್ಟಿಯ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು, ಅಪ್ಪ ಹಲ್ಲಿಗೆ ಸಿಕ್ಕ ಒಗ್ಗರಣೆಯ ಸಾಸಿವೆಯನ್ನು ನಾಲಿಗೆಯಿಂದ ತೆಗೆಯುತ್ತ ನಮ್ಮೆದುರೇ ಕೂತು, "ಇವತ್ತ ಪಡ್ಡು ಹತ್ತಿ ಆಗಿದ್ವು ನೋಡು, ಹತ್ತಿ," ಎಂದು ಬಣ್ಣಿಸುತ್ತಿದ್ದನಲ್ಲ, ಅದರ ಮೇಲೆ.

ಅವ್ವ ಒಂದು ಸಲ ಕೇಳಿದಳು. "ಒಂದ ನಾಕು ಕಟ್ಟಿಸಿಕೊಂಡ ಬರ್ರಿ. ಹ್ಯಾಂಗಿರತಾವ ನೋಡೂಣು."

"ಹೆಣ್ಮಕ್ಕಳು ಹೋಟೆಲ್ದು ತಿಂತಾರೇನು? ಮಂದಿ ಉಗಳ್ತಾರ," ಎಂದ ಅಪ್ಪ. ಅಜ್ಜಿ ಮೂಲೆಯಿಂದಲೇ, "ನಾಲಿಗಿ ಭಾಳ ಉದ್ದ ಆಗೇತಿ," ಎಂದಳು. ಅಲ್ಲಿಗೆ ಮುಗಿಯಿತು.

ಮಂದಿ ಎಂದರೆ ಯಾರು? ಅದೇ ಹೋಟೆಲಿನ ಬೆಂಚಿನ ಮೇಲೆ ಕೂತ ಇದೇ ಗಂಡಸರು. ನಾಟಿ ಹಚ್ಚಿದವಳು ಅವ್ವ. ಮೊಳಕಾಲುಮಟ ಕೆಸರಿನಲ್ಲಿ ನಿಂತು ಕಳೆ ಕಿತ್ತವಳು ಅವ್ವ. ಕೊಯ್ಲಿನಲ್ಲಿ ಬೆನ್ನು ಹಿಡಿದು ರಾತ್ರಿ ಮಗ್ಗುಲು ಬದಲಿಸಲಾಗದೆ ನರಳಿದವಳು ಅವ್ವ. ಭತ್ತ ಮಾತ್ರ ಚೀಲದಲ್ಲಿ ಕೂತು ಮಿಲ್ಲಿಗೆ ಹೋಗುತ್ತಿತ್ತು. ಅದೇ ಅಕ್ಕಿಯ ಪಡ್ಡು ಅಪ್ಪನ ಹೊಟ್ಟೆಗೆ, ಪಡ್ಡಿನ ವರ್ಣನೆ ನಮ್ಮ ಕಿವಿಗೆ. ಹೇಳುವಾಗ ಈಗಲೂ ಮೈ ಉರಿಯುತ್ತದೆ.

ಅವ್ವ ಸುಮ್ಮನೆ ಕೂಡಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಉದುರಿದ ತೆನೆ ಆಯ್ದು ತಂದು, ತಾನೇ ಕುಟ್ಟಿ ಒಂದು ಗಡಿಗೆ ಅಕ್ಕಿ ಮಾಡಿಕೊಂಡಳು. ನಮ್ಮ ಗದ್ದೆಗೆ ಹತ್ತಿಯೇ ಕ್ಯಾಂಪಿನ ಒಬ್ಬಳ ಗದ್ದೆ ಇತ್ತು. ಗಟ್ಟಿ ಹೆಂಗಸು, ಅವ್ವನಿಗೆ ನಾಟಿ ಕಲಿಸಿದವಳೇ ಅವಳು. ಅವಳಿಗೆ ಕನ್ನಡ ಅರ್ಧ, ಅವ್ವನಿಗೆ ತೆಲುಗು ಕಾಲು, ಆದರೂ ಬದುವಿನ ಮೇಲೆ ಕೂತರೆ ಇಬ್ಬರ ಮಾತು ಮುಗಿಯುತ್ತಿರಲಿಲ್ಲ. ಅವಳಿಂದ ಅವ್ವ ಏಳು ಗುಳಿಯ ಕಬ್ಬಿಣದ ಹಂಚನ್ನು ಎರವಲು ತಂದಳು. ಅಜ್ಜಿ ಅದನ್ನು ಹೊಸ್ತಿಲು ದಾಟಿಸಲು ಬಿಡಲಿಲ್ಲ. ಕ್ಯಾಂಪಿನವರ ಮನೆಯಲ್ಲಿ ಕೋಳಿ ಬೇಯುತ್ತದೆ, ಅಲ್ಲಿ ನೀರು ಸಹ ಮುಟ್ಟಬಾರದು ಎಂಬುದು ಅವಳ ಕಟ್ಟಪ್ಪಣೆ. ಅವ್ವ ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿ, ಕೆಂಡದಲ್ಲಿ ಕಾಯಿಸಿ ತೋರಿಸಿದ ಮೇಲೆ ಒಳಗೆ ಬಂತು.

ಮೊದಲ ಸಲ ಮಾಡಿದ್ದು ಕೆಟ್ಟಿತು. ಅವ್ವನ ತವರು ಸಂತೆಕಲ್ಲೂರಿನ ಕಡೆ, ಮಳೆ ನಂಬಿದ ಜೋಳದ ಸೀಮೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ನಾದಿದರೇ ರೊಟ್ಟಿ ಹರಿಯದೆ ಬರುತ್ತದೆ, ತಣ್ಣೀರು ಹಾಕಿದರೆ ಬಡಿಯುವಾಗಲೇ ಬಿರಿಯುತ್ತದೆ. ಹುಟ್ಟಿದಾಗಿನಿಂದ ಆ ಕೈಗೆ ಅದೇ ಗೊತ್ತು. ಅಕ್ಕಿ, ಉದ್ದು ನೆನೆಸಿ ರುಬ್ಬಿಟ್ಟ ಹಿಟ್ಟು ನೋಡಿ ಅವಳಿಗೆ ಧೈರ್ಯ ಸಾಲಲಿಲ್ಲ. "ಎಸರು ಇಲ್ದ ಹಿಟ್ಟು ಹ್ಯಾಂಗ ಹಿಡಕೋತೈತಿ?" ಎಂದು ತನ್ನಷ್ಟಕ್ಕೆ ಅಂದುಕೊಂಡು, ತಂಬಿಗೆ ತುಂಬ ಕುದಿಯುವ ನೀರು ಹೊಯ್ದೇಬಿಟ್ಟಳು. ಹಿಟ್ಟು ಅಲ್ಲಿಯೇ ಅರೆಬೆಂದು ಮುದ್ದೆಯಾಯಿತು. ಮರುದಿನ ಉಬ್ಬಲಿಲ್ಲ, ಹುಳಿಯಲಿಲ್ಲ. ಹಂಚಿನಲ್ಲಿ ಬಿಟ್ಟರೆ ಗೋಲಿಯಂತೆ ಗಟ್ಟಿಯಾಗಿ ಎದ್ದು ಬಂದವು.

ಅಪ್ಪ ಒಂದನ್ನು ತೆಗೆದು ಬಾಗಿಲಿನ ಚೌಕಟ್ಟಿಗೆ ಟಕ್ ಟಕ್ ಎಂದು ಬಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಮರೆಯುತ್ತಿದ್ದೆ. ಎರಡನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಹೋಟೆಲಿಗೆ ಒಯ್ದ. ಬೆಂಚಿನಿಂದ ಬೆಂಚಿಗೆ ಅವು ಕೈ ಬದಲಾಯಿಸಿದವಂತೆ. ಸಂಜೆ ಅವ್ವ ಕೊಡ ಹೊತ್ತು ನೀರು ತರುವಾಗ ದಾರಿಯಲ್ಲಿ ನಿಂತ ಒಬ್ಬ ಹಿರಿಯ, ಮೊಮ್ಮಕ್ಕಳನ್ನು ಕಂಡವನು, "ಏನವಾ, ಗ್ವಾಡಿ ಕಟ್ಟಾಕ ಒಂದ ಬುಟ್ಟಿ ಪಡ್ಡು ಕೊಡ್ತಿಯೇನು?" ಎಂದ. ನಾನು ಪಕ್ಕದಲ್ಲಿದ್ದೆ. ಕೊಡದ ನೀರು ತುಳುಕಿ ಅವಳ ಕುಪ್ಪಸ ತೊಯ್ದಿತ್ತು, ಅವಳು ನಡೆಯುವ ಬಿರುಸಿಗೆ.

ಕ್ಯಾಂಪಿನವಳೂ ನಕ್ಕಳು, ಸುಳ್ಳು ಯಾಕೆ ಹೇಳಲಿ. "ಚನ್ನೀಳ್ಳು ಅಕ್ಕಾ, ಚನ್ನೀಳ್ಳು! ತಣ್ಣನ ನೀರು!" ಎಂದು ಹಣೆ ಬಡಿದುಕೊಂಡಳು. ಆದರೆ ನಗುತ್ತಲೇ ಮನೆಯೊಳಗೆ ಹೋಗಿ, ಹುಳಿ ಬಂದ ತನ್ನ ಹಿಟ್ಟನ್ನು ಒಂದು ಬಟ್ಟಲು ತಂದುಕೊಟ್ಟಳು, ಹೊಸ ಹಿಟ್ಟಿಗೆ ಕಲಸಲು. ಅಜ್ಜಿಗೆ ಕಾಣದಂತೆ ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಅವಳ ನಗೆ ಹೋಟೆಲಿಗೆ ಹೋಗಲಿಲ್ಲ.

ಎರಡನೆಯ ಸಲ ಸಂಜೆ ರುಬ್ಬುವಾಗ ಅವ್ವ ನನ್ನನ್ನು ಒರಳಿನ ಹತ್ತಿರ ಕರೆದು ಹೇಳಿದಳು: "ನಾಳೆ ಮೊದಲ ಹಂಚು ನಂದು. ಬಿಸಿಬಿಸಿ ಇದ್ದಾಗ ತಿಂತೀನಿ. ಆಮ್ಯಾಲ ಉಳದವರದು." ಅವಳು ಹಾಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನಗೆ ಆಗ ಒಂಬತ್ತು ವರ್ಷ. ತಲೆ ಅಲ್ಲಾಡಿಸಿದೆ.

ಬೆಳಿಗ್ಗೆ ಗಡಿಗೆಯ ಬಾಯಿ ತೆರೆದರೆ ಹಿಟ್ಟು ಅಂಚಿನವರೆಗೆ ಉಬ್ಬಿ ನಿಂತಿತ್ತು. ಅವ್ವ ಉಳ್ಳಾಗಡ್ಡಿ, ಹಸಿಮೆಣಸು, ಕರಿಬೇವು ಹೆಚ್ಚಿ ಹಾಕಿದಳು. ಗುಳಿಗೊಂದು ಹನಿ ಎಣ್ಣೆ, ಸೌಟಿನಿಂದ ಹಿಟ್ಟು, ಮೇಲೊಂದು ಮುಚ್ಚಳ. ಹಳೆಯ ಛತ್ರಿಯ ಕಡ್ಡಿಯಿಂದ ಸುತ್ತ ಬಿಡಿಸಿ ತಿರುವಿದಳು. ಏಳೂ ತಿರುಗಿದವು. ಮೇಲೆ ಬಂಗಾರದ ಬಣ್ಣ. ಅವ್ವನ ಮುಖ ನೋಡಬೇಕಿತ್ತು ನೀವು.

ಅಜ್ಜಿ ಬಂದು ನಿಂತಳು. "ಹೊಸಾದು ಮಾಡೀದಿ. ಮೊದಲು ದೇವರಿಗೆ ಎರಡು, ಗಂಡಗ ಐದು." ತಾನೇ ತಾಟು ಚಾಚಿದಳು. ಅವ್ವ ಕಡ್ಡಿ ಹಿಡಿದುಕೊಂಡೇ ಒಂದು ಕ್ಷಣ ಅತ್ತೆಯ ಮುಖ ನೋಡಿ, ಹಾಕಿದಳು.

ಅಪ್ಪ ಅವತ್ತು ನೀರು ನೋಡಲು ಹೊರಟವನು ವಾಸನೆಗೆ ನಿಂತಿದ್ದ. ಐದನ್ನೂ ನಿಂತೇ ತಿಂದ. ಚೆನ್ನಾಗಿವೆ ಎನ್ನಲಿಲ್ಲ. ಚಪ್ಪಲಿ ಮೆಟ್ಟಿ ಸರಸರ ಹೊರಟುಹೋದ. ಅವ್ವ ಎರಡನೆಯ ಹಂಚಿಗೆ ಹಿಟ್ಟು ಬಿಟ್ಟು ನನ್ನತ್ತ ನೋಡಿ ನಕ್ಕಳು, ಇನ್ನು ನಮ್ಮದೇ ಎನ್ನುವ ಹಾಗೆ. ಅವು ಬೇಯುವುದರೊಳಗೆ ಕಟ್ಟೆಯ ಮೇಲೆ ಗಂಡಸರ ದನಿ ಕೇಳಿಸಿತು. ಅಪ್ಪ ಹೋಟೆಲಿನ ಬೆಂಚನ್ನೇ ಖಾಲಿ ಮಾಡಿಸಿಕೊಂಡು ಬಂದಿದ್ದ. ಆರು ಜನ. ಗೋಡೆ ಕಟ್ಟಲು ಪಡ್ಡು ಕೇಳಿದ್ದ ಹಿರಿಯನೂ ಇದ್ದ.

"ನಗತಿದ್ರೆಲ್ಲ, ಈಗ ತಿಂದು ನೋಡ್ರಲೇ ನಮ್ಮ ಮನೀವು!" ಎಂದು ಅಪ್ಪ ಮೀಸೆ ತಿರುವಿದ. ನಮ್ಮ ಮನೀವು! ಮೊದಲು ನಕ್ಕವನು ಯಾರು, ಕಿಸೆಯಲ್ಲಿ ಹಾಕಿಕೊಂಡು ಹೋದವನು ಯಾರು?

ತಾಟು ಒಯ್ಯುವ ಕೆಲಸ ನನ್ನದು. ಒಂದು ಹಂಚು ಇಳಿದರೆ ಹೊರಗೆ, ಇನ್ನೊಂದು ಇಳಿದರೆ ಹೊರಗೆ. "ಭಾರಿ ಆಗ್ಯಾವ!" "ಹೋಟೆಲ್ದಾವ ಇವರ ಕಡೆ ಕಲಿಬೇಕು ಬಿಡು!" ಹೊಗಳಿಕೆಯೆಲ್ಲ ಅಪ್ಪನಿಗೆ. ಒಳಗೆ ಅವ್ವ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಹಿಟ್ಟು ಬಿಡುತ್ತಲೇ ಇದ್ದಳು. ನನಗೆ ಮಾತ್ರ ಹುರುಪೋ ಹುರುಪು. ಹೋಗುವಾಗ ಒಂದು, ಬರುವಾಗ ಒಂದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. "ಶಾಣ್ಯಾ ಇದ್ದಾಳ ನಿನ್ನ ಮಗಳು," ಎಂದು ಆ ಹಿರಿಯ ಹೇಳಿದ್ದಕ್ಕೆ ನಾನು ಇನ್ನಷ್ಟು ಓಡಾಡಿದೆ. ನಾಯಿಯ ಹಾಗೆ.

ಕಡೆಗೆ ಹಿಟ್ಟು ತೀರಿತು. ಅವ್ವ ಗಡಿಗೆಯನ್ನು ಬೆರಳಿನಿಂದ ಬಳಿದಳು. ಏಳು ಗುಳಿಯಲ್ಲಿ ಮೂರು ತುಂಬಿದವು. ಆ ಮೂರನ್ನು ತನ್ನ ತಾಟಿಗೆ ಹಾಕಿಕೊಂಡು, ಪಕ್ಕಕ್ಕೆ ಒಂದಿಷ್ಟು ಚಟ್ನಿ ಇಟ್ಟುಕೊಂಡು, ಒಲೆಯ ಮುಂದೆಯೇ ಕಾಲು ಮಡಚಿ ಕೂತಳು. ಅಷ್ಟರಲ್ಲಿ ಹೊರಗಿನಿಂದ ಅಪ್ಪ ಕೂಗಿದ. ಅವ್ವ ನನ್ನ ಕೈ ಹಿಡಿದು ಮೆಲ್ಲಗೆ, "ಮುಗದಾವಂತ ಹೇಳು ಹೋಗು," ಎಂದಳು.

ಹೋದೆ. ಆರು ಜನರೂ ನನ್ನತ್ತ ತಿರುಗಿದರು. "ಇನ್ನ ಅದಾವೇನ ನನ್ನವ್ವ?" ಎಂದು ಅಪ್ಪ ಕೇಳಿದ. ಅವನು ನನ್ನನ್ನು ನನ್ನವ್ವ ಎಂದು ಕರೆಯುತ್ತಿದ್ದುದೇ ಅಪರೂಪ.

"ಮೂರು ಅದಾವ. ಅವ್ವನ ತಾಟಿನ್ಯಾಗ," ಎಂದೆ ನಾನು.

ಯಾಕೆ ಹೇಳಿದೆ? ಸುಳ್ಳು ಹೇಳಬಾರದೆಂದು ಶಾಲೆಯಲ್ಲಿ ಕಲಿಸಿದ್ದರು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ಬೂಟಾಟಿಕೆ. ದಿನಕ್ಕೆ ಹತ್ತು ಸುಳ್ಳು ಹೇಳುತ್ತಿದ್ದ ಹುಡುಗಿ ನಾನು. ಆ ಗಂಡಸರು ಇನ್ನೊಂದು ಸಲ ಶಾಣ್ಯಾ ಎನ್ನಲಿ ಎಂದು ಹೇಳಿದೆ, ಅಷ್ಟೇ.

ಅಪ್ಪ ತೊಡೆ ತಟ್ಟಿ ನಕ್ಕ. "ನೋಡಿದ್ರ್ಯಾ! ಕಳ್ಳಿ! ಒಳಗ ಬಚ್ಚಿಟ್ಟಾಳ. ತಾ, ತಾ, ತಗೊಂಡ ಬಾ." ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ನಾನೂ ನಕ್ಕೆ. ಒಳಗೆ ಬಂದರೆ ಅವ್ವನಿಗೆ ಎಲ್ಲ ಕೇಳಿಸಿತ್ತು. ಅವಳ ಕೈಯಲ್ಲಿ ಒಂದು ಪಡ್ಡು ಇತ್ತು, ಊದುತ್ತಿದ್ದಳೇನೋ. ಅದನ್ನು ತಾಟಿಗೆ ಇಟ್ಟು, ತಾಟನ್ನು ನನ್ನ ಕೈಗೆ ಕೊಟ್ಟಳು. ನಾನು ಒಯ್ದು ಕೊಟ್ಟೆ. ಎರಡನ್ನು ಯಾರೋ ತಿಂದರು. ಮೂರನೆಯದನ್ನು ಆ ಹಿರಿಯ ಅರ್ಧ ಕಚ್ಚಿ, "ಹೊಟ್ಟಿ ಬಿರಿಯಾಕತ್ತೇತಿ," ಎಂದು ಉಳಿದದ್ದನ್ನು ಓಣಿಯಲ್ಲಿ ತಿರುಗುತ್ತಿದ್ದ ಯಾರದೋ ಕೋಳಿಗೆ ಎಸೆದ.

ಮಧ್ಯಾಹ್ನ ಅವ್ವ ಹಂಚು ತೊಳೆದು, "ನಡಿ," ಎಂದಳು. ಹಂಚನ್ನು ನನ್ನ ತಲೆಯ ಮೇಲೆ ಹೊರಿಸಿದಳು. ಕಾಲುವೆಯ ಏರಿಯ ಮೇಲೆ ಕ್ಯಾಂಪಿನವರೆಗೂ ಅವಳು ಮುಂದೆ, ನಾನು ಹಿಂದೆ. ಕತ್ತು ನೋಯುತ್ತಿತ್ತು.

ಕ್ಯಾಂಪಿನವಳು ಅಂಗಳಕ್ಕೇ ಓಡಿಬಂದಳು. "ಬಾಗುನ್ನಾಯಾ ಅಕ್ಕಾ? ಚೊಲೋ ಆದ್ವಾ?"

"ಭಾಳ ಚೊಲೋ ಆಗಿದ್ವು," ಎಂದಳು ಅವ್ವ.

"ನೀನು ತಿಂದ್ಯಾ?"

"ತಿಂದೆ. ಹೊಟ್ಟಿ ತುಂಬ ತಿಂದೆ."

ಅವ್ವನ ದನಿ ಎಷ್ಟು ಸಲೀಸಾಗಿತ್ತೆಂದರೆ, ನನಗೆ ಒಳಗಿನಿಂದ ಏನೋ ಒದ್ದು ಬಂತು. "ಇಲ್ಲ!" ಎಂದು ಕಿರುಚಿದೆ. "ಒಂದೂ ತಿಂದಿಲ್ಲ ಆಕಿ! ಎಲ್ಲಾ ಅವರ ತಿಂದ್ರು! ನಾ ಒಯ್ದು ಕೊಟ್ಟೆ!" ಹಂಚು ತಲೆಯಿಂದ ಜಾರಿ ನೆಲಕ್ಕೆ ಬಿತ್ತು.

ಅವ್ವ ನನ್ನತ್ತ ನೋಡಲಿಲ್ಲ. ಕ್ಯಾಂಪಿನವಳು ಬಿದ್ದ ಹಂಚನ್ನು ಎತ್ತಿಕೊಂಡು ಹೋಗಿ ಒಲೆಯ ಮೇಲಿಟ್ಟಳು, ಕಟ್ಟಿಗೆ ಮುಂದಕ್ಕೆ ನೂಕಿದಳು, ಮರುದಿನಕ್ಕೆಂದು ರುಬ್ಬಿಟ್ಟಿದ್ದ ಹಿಟ್ಟಿನ ಪಾತ್ರೆ ಎಳೆದುಕೊಂಡಳು. ಒಂದು ಮಣೆ ಹಾಕಿ ಅವ್ವನ ಭುಜ ಒತ್ತಿ ಕೂಡಿಸಿದಳು. ನೀರು ಸಹ ಮುಟ್ಟಬಾರದೆಂದು ಅಜ್ಜಿ ಹೇಳಿದ್ದ ಮನೆಯಲ್ಲಿ ಅವ್ವ ಕೂತಳು.

ಏಳು ಪಡ್ಡು ತಾಟಿಗೆ ಬಿದ್ದವು. ಹಬೆ ಏಳುತ್ತಿತ್ತು. ಅವ್ವ ಮೊದಲನೆಯದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಾಲಿಗೆ ಸುಟ್ಟಿತೇನೋ, ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಿಸಲಿಲ್ಲ. ಎರಡು ತಿಂದಳು, ಮೂರು ತಿಂದಳು. ಬಾಗಿಲಲ್ಲಿ ನಿಂತು ಅಳುತ್ತಿದ್ದ ನನ್ನನ್ನು ಕಂಡು ಕ್ಯಾಂಪಿನವಳಿಗೆ ಕನಿಕರ ಬಂದಿರಬೇಕು. ಅವ್ವನ ತಾಟಿನಿಂದ ಒಂದನ್ನು ತೆಗೆದು ನನಗೆ ಕೊಡಲು ಕೈ ಚಾಚಿದಳು.

ಅವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಆಕಿಗೆ ಬ್ಯಾಡ," ಎಂದಳು. "ಆಕಿ ಮುಂಜಾನೆ ತಿಂದಾಳ."