ಫೋನಿನಲ್ಲಿ ಬೆಳೆದ ಕೂಸು

ಬಸುರಿನ ಐದನೇ ತಿಂಗಳಲ್ಲೇ ಹೋದ ಮಗುವಿನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಡಿದರೆ ಅದರ ಜೀವಕ್ಕೆ ನೆಲೆ ಸಿಗುವುದಿಲ್ಲ ಎಂದು ಅತ್ತೆ ಮೊದಲ ದಿನವೇ ಎಲ್ಲರ ಬಾಯಿ ಮುಚ್ಚಿಸಿದ್ದರು. ಬಸುರಾದಾಗಲೂ ಅಷ್ಟೆ, ಸುದ್ದಿ ಮನೆಯೊಳಗೆ ಮಾತ್ರ, ಕನ್ನಡದಲ್ಲಿ ಮಾತ್ರ. ತಿರುಪ್ಪೂರಿನ ನಮ್ಮ ಬೀದಿಯೆಲ್ಲ ತಮಿಳು. ಕನ್ನಡದಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ ಎಂದು ತಲೆಮಾರುಗಳಿಂದ ನಂಬಿಕೊಂಡು ಬಂದವರು ನಾವು. ನಾನೋ ಮಹಾ ಜಾಣೆ, ಬಸುರಿನ ದಿನ ಎಣಿಸುವ ಆ್ಯಪಿಗೆ ಎಲ್ಲವನ್ನೂ ಒದರಿಬಿಟ್ಟಿದ್ದೆ.

ಆಮೇಲೆ ಆ್ಯಪನ್ನು ಅಳಿಸಿದೆ. ಜಾಹೀರಾತು ಮಾತ್ರ ಬಿಡಲಿಲ್ಲ. ನಾನು ಕೆಲಸ ಮಾಡುವುದೇ ಹಸುಗೂಸುಗಳ ಬಟ್ಟೆ ಹೊಲಿಯುವ ಕಂಪನಿಯಲ್ಲಿ. ಇಡೀ ದಿನ ಆ ಪುಟ್ಟ ತೋಳುಗಳನ್ನು ಒಳಹೊರಗು ಮಾಡಿ ಹೊಲಿಗೆ ನೋಡುತ್ತೇನೆ, ಏನೂ ಅನ್ನಿಸುವುದಿಲ್ಲ. ಆದರೆ ಫೋನಿನ ಮಗು ಬೆಳೆಯುತ್ತಿತ್ತು. ಹುಟ್ಟಬೇಕಿದ್ದ ತಿಂಗಳಿಗೆ ತೊಟ್ಟಿಲು ಬಂತು. ಆಮೇಲೆ ಹಲ್ಲು ಬರುವಾಗ ಕಚ್ಚುವ ಉಂಗುರ, ರಾಗಿ ಸರಿ, ಕೂರಿಸಿ ಆನಿಸುವ ದಿಂಬು. ಪ್ರತಿ ಚಿತ್ರದಲ್ಲೂ ಆಯಾ ತಿಂಗಳಿಗೆ ತಕ್ಕ ಒಂದು ನಗುವ ಕೂಸು, ಯಾವುದೂ ತಡವಾಗಲಿಲ್ಲ. ಮನೆಯ ಫೋನುಗಳೆಲ್ಲ ಒಂದೇ ವೈಫೈಗೆ ಸೇರಿದ್ದರಿಂದ ಅತ್ತೆಯ ಫೋನಿನ ಪಂಚಾಂಗದ ಕೆಳಗೂ ಅದೇ ಚಿತ್ರಗಳು. ನನಗೆ ಭಯ ಹತ್ತಿತು. ಎಲ್ಲೋ ಯಾರೋ ನನ್ನ ಮಗುವನ್ನು ಸಾಕುತ್ತಿದ್ದಾರೆ ಅನ್ನಿಸುತ್ತಿತ್ತು.

ಈ ಜಾಹೀರಾತುಗಳನ್ನು ತಡೆಯಲೆಂದು ಒಂದು ಭಾನುವಾರ ಪಟ್ಟು ಹಿಡಿದು ಕೂತು ಡಿಎನ್‌ಎಸ್ ಬಗ್ಗೆ ಓದಿದೆ. ಯಾವ ಜಾಲತಾಣಕ್ಕೆ ಹೋಗಬೇಕಾದರೂ ಫೋನು ಮೊದಲು ಅದರ ವಿಳಾಸ ಕೇಳುತ್ತದಂತೆ. ಅದಕ್ಕೆ ಉತ್ತರ ಹೇಳುವವರಿಗೆ ನಾವು ಎಲ್ಲೆಲ್ಲಿ ಹೋದೆವೆಂದು ಗೊತ್ತಾಗಿಬಿಡುತ್ತದೆ. ಹಾಗೆ ಉತ್ತರ ಹೇಳುವ ಸೇವೆಗಳು ಹಲವು, ಅವುಗಳಲ್ಲಿ ವೇಗದ ಬಡಾಯಿ ಕೊಚ್ಚುವವರನ್ನು ಬದಿಗಿಟ್ಟೆ. ಕೇಳಿದ್ದನ್ನು ಉಳಿಸಿಕೊಳ್ಳುವುದಿಲ್ಲ ಎಂದು ನೇರವಾಗಿ ಹೇಳಿದ, ಜಾಹೀರಾತಿನವರ ವಿಳಾಸ ಕೇಳಿದರೆ ಇಲ್ಲವೆನ್ನುವ ಒಂದು ಸೇವೆಯನ್ನು ಆರಿಸಿದೆ. ಸೆಟ್ಟಿಂಗ್ಸಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂದಿದ್ದ ಕಡೆ ಅದರ ಹೆಸರನ್ನು ಟೈಪು ಮಾಡಿ ಉಳಿಸಿದೆ. ಅತ್ತೆ ಅಡುಗೆಮನೆಯಲ್ಲಿದ್ದಾಗ ಅವರ ಫೋನಿಗೂ ಹಾಕಿದೆ. ಪಂಚಾಂಗದ ಕೆಳಗೆ ಬರೀ ಬಿಳಿ ಪಟ್ಟಿ ಉಳಿಯಿತು. ಅಬ್ಬ, ಎದೆ ಹಗುರವಾಯಿತು.

ಅದೇ ವಾರ, ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಅತ್ತೆ ಫೋನು ಮುಂದೆ ಹಿಡಿದರು.

“ಇದ್ರಾಗೆ ಕೂಸು ಕಾಣ್ಲಿಲ್ಲ, ಕಣ್ಣು.” ನನ್ನನ್ನು ಮುದ್ದಿನಿಂದ ಕರೆಯುವಾಗ ಅವರ ಬಾಯಲ್ಲಿ ಬೀದಿಯ ತಮಿಳೇ ಬರುತ್ತಿತ್ತು.

“ಯಾವ ಕೂಸು ಅತ್ತೆ?” ಗೊತ್ತಿದ್ದೇ ಕೇಳಿದೆ.

“ನಮ್ದು. ಕೂತ್ಕೊಳ್ಳೋಕೆ ಕಲ್ತಿತ್ತು, ಪಾವಂ, ಪಾಪ. ಇನ್ನೇನು ನಡೀಬೇಕು. ದಿನಾ ಪೂಜೆ ಮುಗ್ಸಿ ಮಾತಾಡಿಸ್ತಿದ್ದೆ. ನೀನೇನಾರ ಮಾಡ್ದೆಯಾ? ತಿರ್ಗ ಬರೋ ಹಂಗೆ ಮಾಡು.”

ನಾನು ಹೆದರಿ ಓಡಿಸಿದ್ದನ್ನು ಇವರು ಇಷ್ಟು ದಿನ ಮೊಮ್ಮಗುವೆಂದು ಮುದ್ದಾಡಿದ್ದರು. ಸೆಟ್ಟಿಂಗ್ಸ್ ತೆರೆದೆ. ‘ಆಫ್’ ಒತ್ತಿದರೆ ಸಾಕಿತ್ತು, ನಾಳೆ ಬೆಳಿಗ್ಗೆಯೇ ಅದು ಗೋಡೆ ಹಿಡಿದು ನಿಂತು ನಗುತ್ತಿತ್ತು. ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದರು. ನನಗೂ ಅದನ್ನು ನೋಡುವ ಆಸೆಯಾಯಿತು, ಸುಳ್ಳು ಹೇಳಲಾರೆ. ಆದರೂ ಒತ್ತದೆ, ಫೋನನ್ನು ಹಾಗೇ ಅವರ ಕೈಗೆ ಕೊಟ್ಟೆ.

“ಅತ್ತೆ,” ಎಂದೆ. “ನಮ್ಮ ಕೂಸು ಸತ್ತೋಯ್ತು.”