ಓಡದ ಕೋಣದ ರಕ್ತ

ನಮ್ಮ ಲ್ಯಾಬಿನ ಸಂಶೋಧನೆಗೆಂದು ಶಿರ್ತಾಡಿಗೆ, ಕಂಬಳದಲ್ಲಿ ಓಡುವ ಕೋಣದ ರಕ್ತ ತೆಗೆಯಲು ಹೋಗಿದ್ದೆ. ಸೂಜಿ ಕಂಡು ಯಜಮಾನರ ಮುಖ ಸಣ್ಣದಾಯಿತು. "ರಕ್ತದಲ್ಲಿ ಎಂತ ಹುಡುಕುವುದು?"

"ಹಿಮೋಗ್ಲೋಬಿನ್ ಮಾಡುವ ಜೀನಿನ ಪಕ್ಕ ಅದರದ್ದೇ ಹಳೇ ನಕಲು ಉಂಟು. ಯಾವುದೋ ಕಾಲದಲ್ಲಿ ಕೆಟ್ಟದ್ದು. ಕೆಲಸ ಮಾಡುವುದಿಲ್ಲ, ಆದರೂ ತಾಯಿಯಿಂದ ಕರುವಿಗೆ ಬರ್ತಾ ಇರ್ತದೆ. ನನಗೆ ಅದು ಬೇಕು."

"ಕೆಲಸ ಮಾಡದ್ದು ಬೇಕಾದರೆ ಶನಿವಾರ ಓಡುವವನಿಗೆ ಯಾಕೆ ಚುಚ್ಚುವುದು ಮಾರಾಯ್ರೆ? ಬನ್ನಿ."

ಹಟ್ಟಿಯ ಮೂಲೆಯಲ್ಲಿ ಮುದಿ ಕೋಣವೊಂದು ಮೈಗೆ ಎಣ್ಣೆ ಹಚ್ಚಿಸಿಕೊಂಡು ಹುರುಳಿ ಮೆಲ್ಲುತ್ತಿತ್ತು. "ಇವ ಓಟ ಬಿಟ್ಟು ಎಷ್ಟೋ ವರ್ಷ ಆಯ್ತು. ಇವನಲ್ಲಿ ಬೇಕಾದಷ್ಟು ಸಿಗಬಹುದು."

ಅದು ಎಲ್ಲ ಕೋಣಗಳಲ್ಲೂ ಒಂದೇ ಸಮ ಇರ್ತದೆ ಎನ್ನಲು ಹೊರಟವನು, ರಕ್ತ ಸಿಕ್ಕಿದರೆ ಸಾಕೆಂದು ಸೂಜಿ ಹಿಡಿದು ಅವನ ಹತ್ತಿರ ಹೋದೆ. ಸೂಜಿ ತಾಗಿದ್ದೇ ನನ್ನ ಮೊಣಕಾಲಿಗೆ ಒದೆ ಬಿತ್ತು.

"ನೋಡಿದ್ರಾ, ಓಟ ಮಾತ್ರ ಬಿಟ್ಟದ್ದು!" ಯಜಮಾನರಿಗೆ ಹೆಮ್ಮೆ.

ಈಗಲೂ ಲ್ಯಾಬಿನಲ್ಲಿ ಯಾರಾದರೂ 'ಕೆಲಸ ಮಾಡದ ಜೀನು' ಎಂದರೆ ನನ್ನ ಕೈ ಮೊಣಕಾಲಿಗೆ ಹೋಗ್ತದೆ.